ಜರಡಿಯ ಕಣ್ಣು

ಮೆಟ್ಟಿಲಿಳಿದರೆ ನೆಲಮಾಳಿಗೆ.
ಗಾಜಿನ ತೊಟ್ಟಿ ಹದಿನಾಲ್ಕು, ಎಲ್ಲಕ್ಕೂ ಒಂದೇ ಕೊಳವೆ,
ತುಂಬಿ ಹೆಚ್ಚಾದ ನೀರು ಕೆಳಗಿನ ಹಳೇ ಸ್ನಾನದ ತೊಟ್ಟಿಗೆ.
ಕಿಟಕಿಯಾಚೆ ಓಸ್ತ್ರಾವಾದ ಹಿಮ,
ಒಳಗೆ ನನ್ನ ಕನ್ನಡಕಕ್ಕೆ ಹಬೆ.
ಕಾಣುವ ಮೊದಲೇ ಓಲ್ದ್ರಿಖ್ ಮುದುಕ ಕೈಚಾಚುತ್ತಾನೆ:
"ತಂದೆಯಾ?"

ತಂದಿದ್ದೇನೆ. ಅಮ್ಮನ ಅಂಗಡಿಯ ಕಾಲುಚೀಲ,
ಹೆಂಗಸರದು, ಮೈಬಣ್ಣದ್ದು, ಇದ್ದುದರಲ್ಲೇ ತೆಳುವಾದದ್ದು.
ಒಂಟಿ ಗಂಡಸಿಗೆ ತಿಂಗಳಿಗೆ ಮೂರು ಜೊತೆ ಏಕೆಂದು
ಅಮ್ಮ ವಿಯೆಟ್ನಾಮಿಯಲ್ಲಿ ಕೇಳಿದ್ದಳು.
ಮೀನಿಗೆ, ಅಂದೆ.
ನಂಬಲಿಲ್ಲ. ಆದರೂ ಹತ್ತು ಕೊರುನಾ ಬಿಟ್ಟಳು.

ಮರಿ ಅಂದರೆ ಏನೆಂದುಕೊಂಡಿರಿ?
ಉದುರಿದ ರೆಪ್ಪೆಗೂದಲ ಚೂರಿಗೆ
ಎರಡು ಕಣ್ಣು ಮೂಡಿದರೆ ಎಷ್ಟೋ ಅಷ್ಟು.
ನೀರಿನ ಮೇಲ್ಪದರಕ್ಕೆ ಜೋತುಕೊಂಡಿರುತ್ತದೆ.
ಈಜು ಬಾರದು, ಹೋಗುವುದು ಮಾತ್ರ ಬರುತ್ತದೆ,
ನೀರು ಎತ್ತಲೋ ಅತ್ತ.
ನೀರೋ, ಕೊಳವೆಯ ಬಾಯಿಗೆ.

ಮೊದಲ ಸಲ ನಾನು ಸ್ಪಂಜು ತುರುಕಿದ್ದೆ.
ಬೆಳಗಾಗುವಾಗ ಸ್ಪಂಜು ಕಟ್ಟಿಕೊಂಡು
ನೆಲದ ಮೇಲೆ ಹಿಮ್ಮಡಿ ಮುಳುಗುವ ನೀರು,
ಬಾಗಿಲ ಸಂದಿಯಲ್ಲಿ ಹೊರಳಿ ಒಣಗಿದ ತಾಯಿಮೀನು.
ಎರಡನೆಯ ಸಲ ಸೊಳ್ಳೆಪರದೆ.
ನೆಲ ಒಣಗಿತ್ತು.
ಹಾಗೇ ತೊಟ್ಟಿಯೂ ಖಾಲಿ. ಇನ್ನೂರು ಮರಿ, ಒಂದೇ ಇರುಳು.

ಅವನು ಬೈಯಲಿಲ್ಲ.
ಮೂವತ್ತೊಂದು ವರ್ಷ ಗಣಿಯ ತಳದಲ್ಲಿ
ಪಂಪಿನ ಮುಂದೆ ಕೂತವನು.
"ಕಲ್ಲಿದ್ದಲು ಸಾಕೆಂದು ಗಣಿ ಮುಚ್ಚಿದರು,
ನೀರಿಗೆ ಯಾರೂ ಹೇಳಿಲ್ಲ, ಇನ್ನೂ ಬರುತ್ತಲೇ ಇದೆ," ಎಂದು
ಹೊಲಿಗೆಯ ಸೂಜಿಯನ್ನು ಮೇಣದ ದೀಪಕ್ಕೆ ಹಿಡಿದ.
ಪ್ಲಾಸ್ಟಿಕ್ ಕೊಳವೆಗೆ ಒಂದು ಚುಚ್ಚು. ಚುಸ್.
ಮತ್ತೆ ಕಾಯಿಸು. ಚುಸ್. ಸುಟ್ಟ ವಾಸನೆ.
ಸಂಜೆಯಿಡೀ ಇದೇ.

"ಜರಡಿಯ ಕಣ್ಣು ಸಣ್ಣದಿದ್ದರೆ ಸಾಲದು, ಸಾವಿರವಿರಬೇಕು.
ಒಂದೇ ಕಣ್ಣಾದರೆ ನೀರೆಲ್ಲ ಅಲ್ಲೇ ನುಗ್ಗಿ
ಮರಿ ಹೋಗಿ ಅಂಟಿಕೊಂಡು ಸಾಯುತ್ತದೆ.
ಸಾವಿರವಾದರೆ ಯಾವ ಕಣ್ಣೂ ಎಳೆಯುವುದಿಲ್ಲ.
ನೀರು ಹೋಗುತ್ತಿರುವುದು
ನೀರಿಗೇ ತಿಳಿಯಬಾರದು."

ಅದಕ್ಕೆ ಕಾಲುಚೀಲ ತೊಡಿಸಿ, ದಾರ ಸುತ್ತಿ, ಗಂಟು.
ನಾಲ್ಕು ಬೆರಳು ಮೇಲೆ ಇನ್ನೊಂದು ಬಾಯಿ,
ಬರಿಯ, ತೆರೆದ ಬಾಯಿ.
"ಇದೇಕೆ?"
"ಪರದೆ ಕಟ್ಟಿಕೊಳ್ಳುವ ರಾತ್ರಿಗೆ.
ಅವತ್ತು ಮರಿ ಹೋಗುತ್ತವೆ, ಮನೆ ಉಳಿಯುತ್ತದೆ.
ಗಣಿಯಲ್ಲೂ ಇತ್ತು ಅಂಥದ್ದೊಂದು."
ಮುಂದೆ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಫೆಬ್ರವರಿಯಲ್ಲಿ ಸ್ನಾನದ ತೊಟ್ಟಿ ತೊಳೆಯಲೆಂದು
ಪಾಚಿ ಹಿಡಿದ ಸ್ಪಂಜು ಎತ್ತಿದೆ.
ಕತ್ತಲಲ್ಲಿ ಏನೋ ಮಿಣುಕಿತು.
ಮಳೆಬಿಲ್ಲು ಮೀನು! ಉಗುರುದ್ದ,
ಬಣ್ಣವಿನ್ನೂ ಏರದ ಬೆಳ್ಳಿ ಮೈ.
ಸತ್ತವೆಂದು ಬರೆದಿಟ್ಟವು.
"ಬದುಕಿವೆ, ಬದುಕಿವೆ!" ಕೂಗಿಬಿಟ್ಟೆ.

ಮುದುಕ ಬಗ್ಗಿ ಬಲೆಗೆ ಹಿಡಿದು ಎಣಿಸಿದ.
ಹದಿನೇಳು.
"ಇಳಿದು ಹೋದದ್ದೆಷ್ಟು?"
ಇನ್ನೂರು.
"ಹಾಗಾದರೆ ಹದಿನೇಳೆಂದು ಊರೆಲ್ಲ ಸಾರಬೇಡ."

ಅಮ್ಮನಿಗೆ ಮಾತ್ರ ಹೇಳಿದೆ, ರಾತ್ರಿ, ಅಂಗಡಿ ಮುಚ್ಚುವಾಗ.
ಈ ದೇಶಕ್ಕೆ ಅವಳು ಯಾವ ದಾರಿಯಲ್ಲಿ ಬಂದಳೋ
ನನಗೆ ಗೊತ್ತಿಲ್ಲ.
ಜೊತೆಗೆ ಹೊರಟವರೆಷ್ಟು ಎಂದರೆ
ಸೂಪಿನ ಡಬ್ಬಿಗಳಿಗೆ ಬೆಲೆಚೀಟಿ ಅಂಟಿಸತೊಡಗುತ್ತಾಳೆ.
ಅವತ್ತೂ ಅಂಟಿಸಿದಳು.
ಒಂದೇ ಡಬ್ಬಿಗೆ ಎರಡೆರಡು.

ಮರುದಿನ ತಾನಾಗಿ ಇಳಿದು ಬಂದಳು,
ಕೋಟೂ ಬಿಚ್ಚದೆ.
ಹದಿನಾಲ್ಕು ತೊಟ್ಟಿಯ ಮುಂದೂ ನಿಂತಳು.
ಒಂಬತ್ತನೆಯದರ ಬಳಿ ಬಗ್ಗಿ,
ಕೊಳವೆಗೆ ತೊಡಿಸಿದ ಕಾಲುಚೀಲವನ್ನು
ಒದ್ದೆ ಬೆರಳಲ್ಲಿ ಬೆಳಕಿಗೆ ತಿರುಗಿಸಿ ನೋಡಿ,
ಹಲ್ಲು ಕಚ್ಚಿದಂಥ ಚೆಕ್ ಭಾಷೆಯಲ್ಲಿ
"ಇಲ್ಲಿ ಎಳೆ ಬಿಟ್ಟಿದೆ," ಅಂದಳು.

ಮುದುಕ ಮಾತಾಡದೆ
ಆ ಕಪ್ಪು ಹಿಡಿದ ಸೂಜಿಯನ್ನೇ ಕೊಟ್ಟ.