ಫಿಸಿಕಲ್ ಅಡ್ರೆಸ್

ಹಾಸನದ ನಮ್ಮ ಹುಡುಗಿಯರ ಹಾಸ್ಟೆಲಿಗೆ
ನೀಲಿ ಕೇಬಲ್ಲು ಬಂದದ್ದು ನವೆಂಬರಿನಲ್ಲಿ,
ಹುಡುಗರ ಹಾಸ್ಟೆಲಿಗೆ ಬಂದು
ಒಂದು ವರ್ಷ ಮೂರು ತಿಂಗಳಾದ ಮೇಲೆ.
ಜವರಯ್ಯ ಕಾರಿಡಾರಿನಲ್ಲಿ ಏಣಿ ನಿಲ್ಲಿಸುವ ಮೊದಲು
ಒಂದು ಸಲ ಕೆಮ್ಮಬೇಕು, ನಾವು ಬಾಗಿಲು ಹಾಕಿಕೊಳ್ಳಬೇಕು,
ಇದು ವಾರ್ಡನ್ನರ ಆರ್ಡರು.
ಅವನು ಗೋಡೆ ಕೊರೆದ ಪುಡಿ
ವಾರವಿಡೀ ಬಕೆಟ್ಟಿನ ನೀರಿನ ಮೇಲೆ ಕೆನೆಗಟ್ಟಿತ್ತು.

ಮೂವತ್ತೆಂಟು ರೂಮು, ಹನ್ನೊಂದು ಕಂಪ್ಯೂಟರು.
ಪುಟ್ಟಲಕ್ಷ್ಮಿಯದು ಹೊಳೆನರಸೀಪುರದ ಬಸ್ಸಿನಲ್ಲಿ,
ಮಾನಿಟರಿಗೆ ಕಂಬಳಿ ಸುತ್ತಿ ಮಡಿಲಲ್ಲಿಟ್ಟುಕೊಂಡು.
ಕಂಡಕ್ಟರು ಇಣುಕಿ "ಗಂಡೋ ಹೆಣ್ಣೋ" ಅಂದನಂತೆ.
ನನ್ನದು ಮಾವನ ಟೆಂಪೋದಲ್ಲಿ, ಆಲೂಗಡ್ಡೆ ಮೂಟೆಗಳ ನಡುವೆ.
ಇಳಿಸಿದಾಗ ಫ್ಲಾಪಿಯ ಬಾಯಿ ತುಂಬ ಕೆಮ್ಮಣ್ಣು.

ಫಿಲೋಮಿನಾ ಮೇಡಂ ಒಂದು ಫಾರಂ ಹಂಚಿದರು.
ಹೆಸರು. ಬ್ರಾಂಚು. ರೂಮು. ತಂದೆಯ ಸಹಿ.
ಐದನೆಯದು: ಫಿಸಿಕಲ್ ಅಡ್ರೆಸ್.
ನಾನು ಅಂದವಾಗಿ ಬರೆದೆ,
ಕೇರಾಫ್ ಈರೇಗೌಡ, ಹಾಲಿನ ಡೈರಿ ಹಿಂಭಾಗ,
ದುದ್ದ ಹೋಬಳಿ, ಹಾಸನ ತಾಲ್ಲೂಕು.
ಪಿನ್‌ಕೋಡನ್ನೂ ಮರೆಯಲಿಲ್ಲ.

ವಾಪಸು ಬಂತು, ಕೆಂಪು ಗೆರೆ ಹೊತ್ತು.
ಲ್ಯಾಬಿನವರು ನಕ್ಕರೆಂದು ಮೂರು ಜನ ಬಂದು ಹೇಳಿದರು.
ಅವರಿಗೆ ಬೇಕಿದ್ದದ್ದು ನನ್ನ ಊರಲ್ಲ,
ಡಬ್ಬಿಯೊಳಗಿನ ಹಸಿರು ಕಾರ್ಡಿಗೆ
ಕಾರ್ಖಾನೆಯಲ್ಲೇ ಬರೆದ ಹಣೆಬರಹ.
ಹನ್ನೆರಡು ಅಕ್ಷರ, ಎರಡೆರಡರ ಜೋಡಿ, ನಡುವೆ ಅಡ್ಡಗೆರೆ,
ಅಂಕಿಗಳ ಮಧ್ಯೆ ಎ, ಸಿ, ಎಫ್,
ಅಕ್ಕಿಯಲ್ಲಿ ಕಲ್ಲು ಸಿಕ್ಕ ಹಾಗೆ.
ಸೊನ್ನೆಯೋ ಓ ಎಂಬ ಅಕ್ಷರವೋ ತಿಳಿಯದೆ
ಎರಡಕ್ಕೂ ಆಗುವಂತೆ ಬರೆದುಕೊಟ್ಟೆ.
ಸೋಮವಾರ ಮೂಲೆಯಲ್ಲಿ ಮೇಡಂ ಕೈಬರಹ:
ನನಗೆ ಮಂಜೂರಾದ ನಂಬರು, ಕೊನೆಗೆ ನಲವತ್ತೇಳು.

ಕೇಬಲ್ಲಿನ ತುದಿಗೆ ಗಾಜಿನಂಥ ಹಲ್ಲು ಕೂರಿಸುವುದನ್ನು
ಜವರಯ್ಯನೇ ಕಲಿಸಿದ,
ಹೊಸ್ತಿಲಾಚೆ ನಿಂತು, ಕೈ ಮಾತ್ರ ಒಳಗೆ ಚಾಚಿ.
"ಬಿಳಿಕಿತ್ತಲೆ, ಕಿತ್ತಲೆ, ಬಿಳಿಹಸಿರು, ನೀಲಿ,
ಬಿಳಿನೀಲಿ, ಹಸಿರು, ಬಿಳಿಕಂದು, ಕಂದು.
ಹಸಿರು ಜೋಡಿನ ಬಿಡಿಸಿ ಮಧ್ಯ ನೀಲಿ ಕೂರ್ತದೆ ಕಣವ್ವ,
ಎಲ್ಲಾರೂ ಎಡವೋದು ಅಲ್ಲೇಯ."
ಜಡೆ ಹೆಣೆದ ಕೈಗಳು ನಮ್ಮವು.
ಎರಡನೇ ಸಲಕ್ಕೇ ಬಂತು.

ಸಂಜೆ ಏಳೂವರೆಗೆ ಚುಚ್ಚಿದೆ. ಟಿಕ್.
ಹಸಿರು ದೀಪ ಮಿಟುಕಿತು. ಕೂಡಲೇ
ಪರದೆಯ ಮೇಲೊಂದು ಬೂದು ಚೀಟಿ:
ನಿನ್ನ ನಂಬರಿನಲ್ಲಿ ಆಗಲೇ ಇನ್ನೊಬ್ಬರಿದ್ದಾರೆ.

ಯಾರು ಅಂತ ಚೀಟಿಗೆ ಗೊತ್ತಿಲ್ಲ.
ಮೇಡಂ ಫೋನೆತ್ತಲಿಲ್ಲ,
ಜವರಯ್ಯ ಅರಸೀಕೆರೆ ರೈಲು ಹಿಡಿದಿದ್ದ.
ಹವಾಯಿ ಚಪ್ಪಲಿ ಮೆಟ್ಟಿ ಹೊರಟೆ,
ಬಾಗಿಲಿಂದ ಬಾಗಿಲಿಗೆ, ಜನಗಣತಿಯವಳ ಹಾಗೆ.
ಹತ್ತೊಂಬತ್ತರಲ್ಲಿ ಚಕ್ಕುಲಿ ಕೊಟ್ಟರು.
ಇಪ್ಪತ್ನಾಲ್ಕರಲ್ಲಿ ಯಾರೋ ಅಳುತ್ತಿದ್ದರು,
ತಟ್ಟದೆ ಮುಂದೆ ಬಂದೆ.

ಮೂವತ್ತೊಂದು. ನುಸ್ರತ್, ಸಕಲೇಶಪುರದ ಕಡೆಯವಳು
ಎಂದು ಆಮೇಲೆ ತಿಳಿಯಿತು. ಎರಡೂವರೆ ವರ್ಷ
ಒಂದೇ ಸಾಲಿನ ನಲ್ಲಿಗಳಲ್ಲಿ ಹಲ್ಲುಜ್ಜಿದವರು ನಾವು.
ಅವಳ ಪರದೆಯ ಮೇಲೂ ಅದೇ ಚೀಟಿ.
"ನಲವತ್ತೇಳು ನೀನಾ?"
"ನೀನಾ?"

ಎರಡು ಫಾರಮ್ಮುಗಳನ್ನೂ ಬಲ್ಬಿಗೆ ಹಿಡಿದೆವು.
ಮೇಡಂ ಬರೆಯುವ ಒಂದಕ್ಕೂ ಕೊಕ್ಕಿದೆ, ಏಳಿಗೂ ಇದೆ.
ನಮ್ಮಲ್ಲಿ ಯಾರೋ ಒಬ್ಬಳು ನಲವತ್ತೊಂದು,
ಯಾರೆಂದು ಕಾಗದ ಬಾಯಿಬಿಡಲಿಲ್ಲ.
"ನೀನೇ ಇಟ್ಟುಕೋ, ನಾನು ಒಂದಾಗ್ತೀನಿ" ಅಂದಳು,
ಬಸ್ಸಿನಲ್ಲಿ ಸರಿದು ಜಾಗ ಕೊಡುವವರ ದನಿಯಲ್ಲಿ.

ರೂಮಿಗೆ ಓಡಿ ಬಂದು ಅವಳ ನಂಬರು ಹೊಡೆದೆ.
ಯಂತ್ರ ನಾಲ್ಕು ಸಲ ಕರೆಯಿತು,
ನಾಲ್ಕು ಸಲವೂ ಓಗೊಟ್ಟಿತು ಆ ಕಡೆ.
ಹೋಗಿ ಬರಲು ಒಂದು ಮಿಲಿಸೆಕೆಂಡೂ ಹಿಡಿಯಲಿಲ್ಲ
ಅಂದಿತು ಪರದೆ.
ನಾನು ತಟ್ಟಿದ ಬಾಗಿಲುಗಳು ಅದರ ಲೆಕ್ಕದಲ್ಲಿರಲಿಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು.
ಕಾರಿಡಾರಿನ ಕತ್ತಲಲ್ಲಿ ಚಪ್ಪಲಿಯ ಚಟಪಟ,
ಹತ್ತಿರ ಬರುತ್ತ,
ಕೈಯಿಂದ ಗೋಡೆ ತಡವುತ್ತ,
ಬಾಗಿಲು ಎಣಿಸುತ್ತ.