ಹಾಸಿಗೆ ನಂಬರ್ ಐದು

ಡಾಕ್ಟರ್ ಸಿದ್ದೀಗ್ ಬೋರ್ಡಿನ ಮೇಲೆ ಏಳು ಚೌಕ ಬರೆಯುತ್ತಾರೆ.
ಸುಡಾನಿನ ಮನುಷ್ಯ, ಮಾರ್ಕರ್ ಒಣಗಿದರೆ
ಬಾಯಿಂದ ಊದಿ ಮತ್ತೆ ಬರೆಯುವವರು.
"ಎಷ್ಟೇ ದೊಡ್ಡ ಸಂಖ್ಯೆ ಬರಲಿ, ಏಳರಿಂದ ಭಾಗಿಸಿ.
ಉಳಿದದ್ದೇ ಅದರ ವಿಳಾಸ."

ಕೊನೆ ಬೆಂಚಿನಲ್ಲಿ ನಾನು.
ಮಧ್ಯಾಹ್ನದವರೆಗೆ ಕೋಲ್ಡ್ ಸ್ಟೋರಿನಲ್ಲಿ
ಲಬನ್ ಬಾಟಲಿ ಜೋಡಿಸಿದ ಕೈ ಇನ್ನೂ ತಣ್ಣಗಿದೆ.
ಸುತ್ತ ಕೂತವರು ಇಪ್ಪತ್ತೆರಡರ ಹುಡುಗರು,
ಮೊದಲ ದಿನ ನನ್ನನ್ನು ಮೇಷ್ಟ್ರೆಂದು ಎದ್ದು ನಿಂತವರು.
ಉಳಿದದ್ದೇ ವಿಳಾಸ. ಬರೆದುಕೊಂಡೆ,
ಕೆಳಗೆ ಗೆರೆ ಎಳೆದೆ, ಯಾಕೋ ಎರಡು ಸಲ.

ಮುಹರ್ರಕ್ಕಿನ ನಮ್ಮ ಕೋಣೆಯಲ್ಲೂ ಏಳೇ ಹಾಸಿಗೆ,
ಸೊನ್ನೆಯಿಂದ ಎಣಿಸಿದರೆ ಆರರವರೆಗೆ.
ಬಾಗಿಲ ಬಳಿಯ ಸೊನ್ನೆ ಇದ್ದಿನಬ್ಬ ಬ್ಯಾರಿಯದು.
ಹಾಗೆಂದರೆ ಸಿಟ್ಟು:
"ಬಾಡಿಗೆ ವಸೂಲಿ ಮಾಡುವವ ನಾನು. ನಾನು ಸೊನ್ನೆಯಾ?"

ಬಂದಿಳಿದಾಗ ನನಗೆ ಮೂವತ್ತಮೂರು.
ಏಳರಿಂದ ಭಾಗಿಸಿದರೆ ಐದು ಉಳಿಯುತ್ತದೆ.
ಐದರಲ್ಲಿ ತನಿಯಪ್ಪಣ್ಣ ಮಲಗಿದ್ದರು,
ಇಪ್ಪತ್ತಾರನೇ ವಯಸ್ಸಿಗೆ ಬಂದವರು. ಅದರ ಶೇಷವೂ ಐದೇ.
ಪುಸ್ತಕದಲ್ಲಿ ಇದಕ್ಕೆ ಡಿಕ್ಕಿ ಎನ್ನುತ್ತಾರೆ.
ತನಿಯಪ್ಪಣ್ಣ ಹಾಗೇನೂ ಅನ್ನಲಿಲ್ಲ.
ಗ್ರೀಸು ಮೆತ್ತಿದ ಕೈಯಿಂದ ಪಕ್ಕದ ಹಾಸಿಗೆ ತಟ್ಟಿ
"ಮುಂದಿನದು ಖಾಲಿಯುಂಟು ಮಾರಾಯ" ಎಂದರು.
ಇಡೀ ಅಲ್ಗಾರಿದಮ್ ಇಷ್ಟೇ.

ಅಂದಿನಿಂದ ನನ್ನ ವಿಳಾಸ ಅವರ ಮೂಲಕ.
ಸಿಮ್ ಕಾರ್ಡಿಗೆ, ತಂಗಿಯ ಮದುವೆ ಕಾಗದಕ್ಕೆ,
ಕೊನೆಗೆ ಎಂ.ಎಸ್ಸಿ. ಅರ್ಜಿಗೂ:
ಕೇರ್ ಆಫ್ ತನಿಯಪ್ಪ, ಮಸೀದಿ ಹಿಂದೆ, ಹಸಿರು ಬಾಗಿಲು.
ಮೊದಲ ಕಂತಿನ ಎಂಬತ್ತು ದಿನಾರೂ
ಅವರ ದಿಂಬಿನ ಕೆಳಗಿನಿಂದ ಬಂದದ್ದು.
"ಕಲಿ. ಆದರೆ ಲೈಟು ಮಾತ್ರ ಹನ್ನೊಂದಕ್ಕೆ ಆರಿಸು."

ಸೆಪ್ಟೆಂಬರಿನಲ್ಲಿ, ಯಾರದೋ ಮಾಳಿಗೆಯ ಮೇಲೆ
ಎಸಿ ಕಂಪ್ರೆಸರ್ ಬಿಚ್ಚುತ್ತ ಕೂತವರು
ಕೂತೇ ಇದ್ದರಂತೆ.
ಕಾಗದಪತ್ರಕ್ಕೆ ಹನ್ನೊಂದು ದಿನ, ಆಮೇಲೆ ವಿಮಾನ.
ನಾನು ಎರಡು ಕ್ಲಾಸು ತಪ್ಪಿಸಿಕೊಂಡೆ.
ಮೂರನೆಯದಕ್ಕೆ ಹೋದರೆ ವಿಷಯ: ಅಳಿಸುವುದು.

"ಖಾನೆಯನ್ನು ಸುಮ್ಮನೆ ಖಾಲಿ ಮಾಡಬೇಡಿ," ಎಂದರು ಸಿದ್ದೀಗ್.
"ಖಾಲಿ ಕಂಡಲ್ಲಿ ಹುಡುಕಾಟ ನಿಲ್ಲುತ್ತದೆ.
ಅವನ ಹಿಂದೆ ಬಂದವರು ಇದ್ದೂ ಇಲ್ಲವಾಗುತ್ತಾರೆ.
ಒಂದು ಗುರುತು ಇಡಿ: ಇಲ್ಲೊಬ್ಬನಿದ್ದ, ಮುಂದೆ ನೋಡಿ.
ಅದರ ಹೆಸರು ಗೋರಿಕಲ್ಲು."
ಹುಡುಗರು ನಕ್ಕರು.
ನಾನು ಬೆಂಚಿನಡಿ ಪೆನ್ನಿನ ಮುಚ್ಚಳ ಹುಡುಕಿದೆ.

ಐದರಲ್ಲೀಗ ನೇಪಾಳದ ಟೇಕ್ ಬಹಾದುರ್ ಮಲಗುತ್ತಾನೆ.
ಗುರುತಿಟ್ಟ ಖಾನೆಗೆ ಹೊಸಬರನ್ನು ಸೇರಿಸಬಹುದು, ನಿಯಮವಿದೆ.
ಗೋಡೆಯ ಮೇಲಿನ ಪೆನ್ಸಿಲ್ ಹೆಸರು ಹಾಗೇ ಇದೆ.
ಬಣ್ಣ ಬಳಿಯಲು ಬಂದವನಿಂದ
ಇದ್ದಿನಬ್ಬ ಒಂದು ಗೇಣು ಜಾಗ ಬಿಡಿಸಿಕೊಂಡಿದ್ದಾರೆ.
ನಿನ್ನೆ ಕೊರಿಯರಿನವನು ಬಂದು "ತನಿಯಪ್ಪ?" ಎಂದು ಕೂಗಿದ.
ಹುಡುಗ ಅರ್ಧ ನಿದ್ದೆಯಲ್ಲಿ ಇಲ್ಲ ಅನ್ನಲಿಲ್ಲ.
ಪಕ್ಕದ ಹಾಸಿಗೆಯತ್ತ ಕೈ ತೋರಿಸಿದ.

ಪರೀಕ್ಷೆಯಲ್ಲೂ ಅದೇ ಬಂತು:
ಅಳಿಸಿದ ಖಾನೆಯನ್ನು ಖಾಲಿ ಬಿಡಬಾರದೇಕೆ? ಐದು ಅಂಕ.
ಹಸಿರು ಬಾಗಿಲಿನಿಂದ ಶುರುಮಾಡಿ ಬರೆದೆ.
ನಾಲ್ಕು ಸಿಕ್ಕಿತು. ಉದಾಹರಣೆ ಉದ್ದವಾಯಿತು, ಎಂದಿತ್ತು ಕೆಂಪು ಶಾಯಿ.
ಕೆಳಗೆ ಅರಬ್ಬಿಯಲ್ಲಿ ಒಂದು ಸಾಲು. ನನಗೆ ಬಾರದು.
ಇದ್ದಿನಬ್ಬ ಕನ್ನಡಕ ಹಾಕಿ ಓದಿದರು, ಅರ್ಥ ಹೇಳಲಿಲ್ಲ,
ಹೊರಗೆ ಹೋಗಿ ನೀರು ಕುಡಿದು ಬಂದರು.

ಗೋರಿಕಲ್ಲು ಹೆಚ್ಚಾದರೆ ಕೋಷ್ಟಕ ನಿಧಾನವಾಗುತ್ತದೆ,
ಹೊಸತು ಕಟ್ಟಿ ಎಲ್ಲರನ್ನೂ ಮತ್ತೆ ಎಣಿಸಬೇಕು.
ಅದು ಮುಂದಿನ ಅಧ್ಯಾಯ.
ಕಟ್ಟಡ ಕೆಡವುವ ನೋಟಿಸು ಆಗಲೇ ಬಾಗಿಲಿಗೆ ಅಂಟಿದೆ.
ಹೋಗುವ ಮನೆಯಲ್ಲಿ ಹದಿಮೂರು ಹಾಸಿಗೆಯಂತೆ.
ನನಗೀಗ ನಲವತ್ತು, ಭಾಗಿಸಿ ನೋಡಿದೆ: ಒಂದು.
ತನಿಯಪ್ಪಣ್ಣನ ಇಪ್ಪತ್ತಾರನ್ನೂ ಭಾಗಿಸಿದೆ,
ಏನೂ ಉಳಿಯಲಿಲ್ಲ.

ಸೊನ್ನೆಯೂ ಒಂದು ಹಾಸಿಗೆಯೇ,
ಬಾಗಿಲ ಬಳಿಯದು, ನನ್ನದರ ಪಕ್ಕದ್ದು.
ಇದ್ದಿನಬ್ಬರಿಗೆ ಬೇರೆ ನಂಬರು ಹುಡುಕಬೇಕು.
ಹನ್ನೊಂದಾಯಿತು.