ಎಲ್ಲಿ ನೋವು, ಎಂಥ ನೋವು

ಕಾಲೇಜು ಕೊಟ್ಟ ಪುಸ್ತಕದಲ್ಲಿ ಇದ್ದದ್ದು
ಇದು ಪೆನ್ನು, ಅದು ಕಿಟಕಿ, ಆಟೋ ಎಷ್ಟು?
ಮೊದಲ ಬುಧವಾರವೇ ಮುಚ್ಚಿಟ್ಟೆ.
ದುರ್ಗದ ಆಸ್ಪತ್ರೆಗೆ ಬರುವವರು
ಕಿಟಕಿಯ ಮಾತಾಡುವುದಿಲ್ಲ.

ಹನ್ನೊಂದು ಮಂದಿ. ಬಿಳಿ ಕೋಟಿನ ಮಡಿಕೆ ಇನ್ನೂ ಹೋಗದವರು.
ಪಟ್ನಾ, ಕೊಟ್ಟಾಯಂ, ಜೈಪುರ.
ಕೊನೆಯ ಬೆಂಚಿನಲ್ಲಿ ಐಜಾಲಿನ ಝೋಡಿನ್‌ಪುಯಿ.
ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ
ಷಟ್ಪದಿಗೆ ಪ್ರಸ್ತಾರ ಹಾಕಿಸಿದವಳು ನಾನು,
ಬೋರ್ಡಿನ ಮೇಲೆ ಬರೆದೆ: ನೋವು.
ಅದರ ಕೆಳಗೆ ಅದರ ಮಕ್ಕಳು ಮರಿ:
ಉರಿ, ಸೆಳೆತ, ಚಳುಕು, ಜೋಮು,
ಕಿವುಚುವುದು, ಹಿಂಡುವುದು, ತಲೆ ಸಿಡಿಯುವುದು.
ಹಲ್ಲಿನದು ಬೇರೆ. ಹೆರಿಗೆಯದು ಬೇರೆ.

"ಮೇಡಂ, ಸಂಕಟ ಎಲ್ಲಿರುತ್ತೆ?"
ಪಟ್ನಾದ ಹುಡುಗ ಕೇಳಿದ, ಅಂಗರಚನೆಯ ಚಿತ್ರ ತೆರೆದಿಟ್ಟು.
ಹೊಟ್ಟೆಗೂ ಗಂಟಲಿಗೂ ನಡುವೆ ಎಲ್ಲೋ, ಅಂದೆ.
ಹಾಗೇ ಬರೆದುಕೊಂಡ.

ವ್ಯಾಕರಣವೂ ಇತ್ತು, ಚೂರು:
ಕನ್ನಡದಲ್ಲಿ ನೋವನ್ನು ಯಾರೂ ಇಟ್ಟುಕೊಳ್ಳುವುದಿಲ್ಲ,
ಅದು ಆಗುತ್ತದೆ. ನನಗೆ, ನಿನಗೆ, ಅವಳಿಗೆ.
ಚತುರ್ಥಿ ವಿಭಕ್ತಿ. ಕೊಡುವುದಕ್ಕೂ ಅದೇ.

ಐದನೆಯ ಮಂಚದ ತಿಪ್ಪಕ್ಕ, ಭರಮಸಾಗರದ ಕಡೆಯವಳು,
ಹೆಸರು ತಿರುಗದೆ ಅವಳನ್ನು ಪುಯ್ಯವ್ವ ಮಾಡಿಬಿಟ್ಟಳು.
"ಎಲ್ಲಿ ನೋವು, ಅಜ್ಜಿ?"
"ಎಲ್ಲೀ ಅಂತ ಹೇಳ್ಲವ್ವಾ, ಮೈಯೆಲ್ಲ ಹಸಿ ಹುಣ್ಣಾಗೈತೆ."
ಪುಯ್ಯವ್ವ ಮೈಯೆಲ್ಲ ಹುಡುಕಿದಳು. ಒಂದೂ ಹುಣ್ಣಿಲ್ಲ.
ವಾರ್ಡು ನಕ್ಕಿತು. ತಿಪ್ಪಕ್ಕನೂ ನಕ್ಕಳು,
ನಕ್ಕಾಗ ಪಕ್ಕೆ ಹಿಡಿಯಿತು.
ನೋವು ಅಲ್ಲಿತ್ತು.

ಆಮೇಲೆ ಎರಡು ಬುಧವಾರ ಕೊನೆಯ ಬೆಂಚು ಖಾಲಿ.

ಊಟಕ್ಕೆ ಇಳಿಯಲ್ಲ, ಜ್ವರ ಇಲ್ಲ, ಏನೂ ಇಲ್ಲ,
ಅಂದರು ವಾರ್ಡನ್, ಬೀಗದ ಕೈ ಎಣಿಸುತ್ತ.
ಮಂಚದ ತುದಿಯಲ್ಲಿ ಕೂತಿದ್ದಳು. ಅದು ಕಿಟಕಿ.
ಆಚೆ ಜೋಗಿಮಟ್ಟಿಯ ಸಾಲಿನಲ್ಲಿ
ಗಾಳಿಯಂತ್ರಗಳು ತಮ್ಮ ಪಾಡಿಗೆ ತಿರುಗುತ್ತಿದ್ದವು.
ಬೇರೇನೂ ತೋಚದೆ ಪಾಠವನ್ನೇ ಕೇಳಿದೆ:
ಎಲ್ಲಿ ನೋವು?
ಹೊಟ್ಟೆಗೂ ಗಂಟಲಿಗೂ ನಡುವೆ ಕೈಯಿಟ್ಟಳು.
ಎಂಥ ನೋವು?
ಉರಿ ಅಲ್ಲ. ಜೋಮು ಅಲ್ಲ. "ಬೋರ್ಡಿನಲ್ಲಿ ಇಲ್ಲ."

ಮನಸ್ಸು ಕಲ್ಲು ಮಾಡ್ಕೋ ಮಗಳೇ,
ಅಂದುಬಿಟ್ಟೆ, ಬಾಯಿಗೆ ಬಂದದ್ದು.

ಆಗ ತಿರುಗಿದಳು ನನ್ನ ಕಡೆ.
ಅವರ ನುಡಿಯಲ್ಲಿ ಲುಂಗ್ ಅಂದರೆ ಕಲ್ಲು.
ಲುಂಗ್ ಅಂದರೆ ಎದೆಯೂ.
ಊರು ನೆನಪಾದಾಗ ಅದು ಇದ್ದ ಕಡೆ ಇರುವುದಿಲ್ಲವಂತೆ,
ಎದ್ದು ತಿರುಗಾಡಲು ಹೋಗುತ್ತದಂತೆ.

ಕಲ್ಲಿನ ಊರಿನಲ್ಲೇ ಹುಟ್ಟಿ ಹಣ್ಣಾದವಳು ನಾನು.
ಬಂಡೆಯ ಮೇಲೆ ಬಂಡೆ, ಈಗಲೋ ಆಗಲೋ ಎನ್ನುವಂತೆ.
ಒಂದೂ ಎದ್ದು ಹೋದದ್ದನ್ನು ಕಂಡಿರಲಿಲ್ಲ.

ಇನ್ನೊಮ್ಮೆ ಹೇಳು, ಅಂದೆ. ಹೇಳಿದಳು.
ನನ್ನ ನಾಲಿಗೆ ತಪ್ಪಿತು. ತಿದ್ದಿದಳು. ಮತ್ತೆ ತಪ್ಪಿತು.
ಥೇಟ್ ಮೇಷ್ಟ್ರ ಹಾಗೆ ಸಿಡುಕಿದಳು,
ತುಟಿ ಹೇಗಿಡಬೇಕೆಂದು ತೋರಿಸಿದಳು,
ಅಷ್ಟರಲ್ಲಿ ಹಸಿವಾಯಿತು, ಇಬ್ಬರಿಗೂ.
ಮೆಸ್ಸಿನಲ್ಲಿ ತಣ್ಣನೆಯ ಚಿತ್ರಾನ್ನ ಉಳಿದಿತ್ತು.

ಈ ಬುಧವಾರ ತಡವಾಗಿ ಬಂದಳು.
ಮತ್ತೆ ಕೊನೆಯ ಬೆಂಚಿಗೇ.
ತಿಪ್ಪಕ್ಕ ಹೇಗಿದ್ದಾಳೆ, ಕೇಳಿದೆ.
"ಅಜ್ಜಿಗೆ ಡಿಸ್ಚಾರ್ಜ್ ಆಗೈತೆ."
ಪುಸ್ತಕದಲ್ಲಿಲ್ಲದ ಕನ್ನಡ.
ವಿಭಕ್ತಿ ಸರಿಯಿತ್ತು.